ಎಲ್‌ಪಿ ಮೇಲಾ ಡಿಜಿಟಲ್ ಮೇಲಾ: ಮನೇಲೇ ಸರಿಯಾಗಿ ಹೋಲಿಸಿ ನೋಡೋದು ಹೇಗೆ

ಮುಂಬಯಿಯಲ್ಲಿ ನಮ್ಮವರ ಮನೆಗಳಲ್ಲಿ ಲಾಫ್ಟ್ ಮೇಲೆ ಕೂತಿದ್ದ ಗ್ರಾಮಫೋನ್ ಪ್ಲೇಟುಗಳು ಈಗ ಮತ್ತೆ ಕೆಳಗೆ ಇಳೀತಾ ಉಂಟು. ಮಾಟುಂಗಾ, ಮುಲುಂಡ್, ಡೊಂಬಿವಿಲಿ ಕಡೆ ಅಪ್ಪನೋ ಅಜ್ಜನೋ ತಂದಿಟ್ಟ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಗಳು, ಅವುಗಳ ಜೊತೆ ಹಳೇ ಕನ್ನಡ ಸಿನಿಮಾ ಹಾಡಿನ ಸಣ್ಣ ಪ್ಲೇಟುಗಳು. ಹೊಸ ಟರ್ನ್‌ಟೇಬಲ್ ತರ್ತಾರೆ, ಒಂದು ಸೈಡ್ ಪೂರ್ತಿ ಕೇಳ್ತಾರೆ, ಆಮೇಲೆ ಅದೇ ರಾಗವನ್ನು ಮೊಬೈಲಲ್ಲಿ ಹುಡುಕಿ ಬ್ಲೂಟೂತ್ ಸ್ಪೀಕರಿಗೆ ಹಾಕಿ "ನೋಡಿ, ಎಲ್‌ಪಿ ಅಂದ್ರೆ ಎಲ್‌ಪಿಯೇ" ಅಂತ ತೀರ್ಮಾನ ಕೊಟ್ಟುಬಿಡ್ತಾರೆ. ಇನ್ನು ಕೆಲವರು ಸವೆದ ಸೂಜಿಯಲ್ಲಿ ಕರಕರ ಕೇಳಿ "ಇದೆಂತದು ಮಾರಾಯ್ರೆ, ಮೊಬೈಲೇ ಕ್ಲೀನಾಗಿ ಕೇಳ್ತದೆ" ಅಂತಾರೆ. ಎರಡು ಮಾತಿಗೂ ಬುಡ ಇಲ್ಲ, ಯಾಕಂದ್ರೆ ಅಲ್ಲಿ ಸ್ಪೀಕರ್ ಬೇರೆ, ವಾಲ್ಯೂಮ್ ಬೇರೆ, ಮಾಸ್ಟರಿಂಗ್ (ಬಿಡುಗಡೆಗೆ ಮೊದಲು ರೆಕಾರ್ಡಿಂಗಿನ ಸದ್ದು ಹದ ಮಾಡೋದು) ಬೇರೆ, ಎಷ್ಟೋ ಸಲ ಹಾಡಿದ ಕಛೇರಿಯೇ ಬೇರೆ.

ನಾನು ಇಲ್ಲಿ ಹೇಳೋ ಕ್ರಮದಲ್ಲಿ ಎರಡು ಪರೀಕ್ಷೆ ಉಂಟು. ಮೊದಲನೇದು ನಿಮ್ಮ ಎಲ್‌ಪಿಯನ್ನು ಅದರದ್ದೇ ಡಿಜಿಟಲ್ ನಕಲಿನ ಜೊತೆ ಹೋಲಿಸೋದು, ಎರಡನೇದು ಎಲ್‌ಪಿಯನ್ನು ಕಂಪನಿ ಬಿಟ್ಟ ಸಿಡಿ ಅಥವಾ ಸ್ಟ್ರೀಮಿಂಗ್ ಆವೃತ್ತಿಯ ಜೊತೆ ಹೋಲಿಸೋದು. ಜನ ಮಾಡೋದು ಬರೀ ಎರಡನೇದು, ಅದೂ ಅರ್ಧಂಬರ್ಧ. ಆದ್ರೆ ಡಿಜಿಟಲ್ ಅನ್ನೋ ಮಾಧ್ಯಮ ಸಂಗೀತವನ್ನು ಕೆಡಿಸ್ತದಾ ಇಲ್ವಾ ಅನ್ನೋದಕ್ಕೆ ಉತ್ತರ ಸಿಗೋದು ಮೊದಲನೇದರಲ್ಲಿ ಮಾತ್ರ.

ಮೊದಲು ಪ್ಲೇಟು

ಒಳ್ಳೇ ಸ್ಥಿತಿಯ ಒಂದು ಎಲ್‌ಪಿ ಆರಿಸ್ಕೊಳ್ಳಿ, ಅದೇ ರೆಕಾರ್ಡಿಂಗ್ ಸಿಡಿಯಲ್ಲೋ ಸ್ಟ್ರೀಮಿಂಗಲ್ಲೋ ಇರ್ಬೇಕು. ಅದೇ ಗಾಯಕರು ಅದೇ ರಾಗ ಹಾಡಿದ್ರೆ ಸಾಲದು, ಹಿಂದೂಸ್ತಾನಿಯಲ್ಲಿ ಒಬ್ಬರೇ ಒಂದು ರಾಗವನ್ನು ಹತ್ತು ಕಡೆ ಹಾಡಿರ್ತಾರೆ, ಹಾಗಾಗಿ ಬಂದಿಶ್ (ಹಾಡಿದ ರಚನೆ), ತಬಲಾ ಸಾಥಿ, ಒಟ್ಟು ಅವಧಿ ಎಲ್ಲ ತಾಳೆ ನೋಡಿ.

ಮನೇಲಿ ಇಲ್ಲದಿದ್ರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಉಂಟಲ್ಲ. ಕಾಲಾಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ಹಳೇ ಪ್ಲೇಟು ಹುಡುಕುವವರಿಗೆ ಆ ಓಣಿಯೇ ದೊಡ್ಡ ಆಧಾರ. ಅಲ್ಲಿ ಕವರ್ ನೋಡಿ ಮರುಳಾಗ್ಬೇಡಿ, ಪ್ಲೇಟನ್ನು ಹೊರಗೆ ತೆಗೆದು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡೀರಿ. ಕೂದಲೆಳೆಯಂಥ ಗೀರು ಅಷ್ಟೇನೂ ತೊಂದರೆ ಕೊಡೋದಿಲ್ಲ, ಆದ್ರೆ ಕಪ್ಪು ಬಣ್ಣ ಬೂದಿಯಾಗಿ ಮಂಕಾಗಿದ್ರೆ ಭಾರದ ಸೂಜಿ ಉಜ್ಜಿ ಉಜ್ಜಿ ಗ್ರೂವ್, ಅಂದ್ರೆ ಸೂಜಿ ಓಡುವ ಗೆರೆ, ಸವೆದಿದೆ ಅಂತ ಅರ್ಥ, ಅದು ಎಷ್ಟು ತೊಳೆದ್ರೂ ಹೋಗೋದಿಲ್ಲ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಸಣ್ಣ ಸಣ್ಣ ಗೆರೆ ತುಂಬಾ ಇದ್ರೆ ತುಂಬಾ ಸಲ ಹಾಕಿ ತೆಗೆದ ಪ್ಲೇಟು ಅದು. ಆಮೇಲೆ ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಬಾಗಿದೆಯಾ ನೋಡಿ.

ನಮ್ಮ ಮಳೆಗಾಲದಲ್ಲಿ ಪ್ಲೇಟಿಗೆ ಬೂಷ್ಟು ಹಿಡಿಯೋದು ಮಾಮೂಲು, ಅದನ್ನು ತೊಳೀದೆ ಹೋಲಿಕೆಗೆ ಕೂತ್ರೆ ನೀವು ಕೇಳೋದು ಬೂಷ್ಟಿನ ಸದ್ದು. ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ, ಮೆತ್ತಗಿನ ಮೈಕ್ರೋಫೈಬರ್ ಬಟ್ಟೆ, ಗ್ರೂವಿನ ದಿಕ್ಕಿನಲ್ಲೇ ಒರೆಸ್ಬೇಕು, ಆಮೇಲೆ ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಂದು ಸಲ. ಲೇಬಲ್ ಒದ್ದೆ ಆಗ್ಬಾರ್ದು. ಪೂರ್ತಿ ಒಣಗಿದ ಮೇಲೆ ಹೊಸ ಒಳ ಕವರಿಗೆ ಹಾಕಿ, ಹಳೇ ಕಾಗದದ ಒಳ ಕವರಲ್ಲೇ ಬೂಷ್ಟು ಉಳಿದಿರ್ತದೆ. 78 ಸ್ಪೀಡಿನ ಹಳೇ ಪ್ಲೇಟಿಗೆ ಮಾತ್ರ ಆಲ್ಕೋಹಾಲ್ ಇರೋ ಕ್ಲೀನರ್ ಮುಟ್ಟಿಸ್ಲೇಬೇಡಿ, ಅದು ಅರಗಿನದ್ದು, ಆಲ್ಕೋಹಾಲಲ್ಲಿ ಕರಗ್ತದೆ. ಆ ಪ್ಲೇಟಿನ ಗ್ರೂವ್ ಕೂಡ ಅಗಲ, ಬೇರೆಯೇ ಸೂಜಿ ಬೇಕು, ಈ ಪರೀಕ್ಷೆಗೆ ಅದನ್ನು ತರೋದೇ ಬೇಡ.

ಟರ್ನ್‌ಟೇಬಲ್ ಸರಿ ಕೂರಿಸೋದು

ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರಲ್ಲಿ ಈ ಹೋಲಿಕೆ ಮಾಡೋದು ವ್ಯರ್ಥ. ಭಾರ ಸರಿಮಾಡ್ಲಿಕ್ಕೆ ಆಗುವ ಟೋನ್‌ಆರ್ಮ್ (ಸೂಜಿ ಹಿಡಿದ ತೋಳು), ಸಾಧಾರಣ ಒಳ್ಳೇ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಕೂರುವ ತಲೆ) ಇದ್ರೆ ಸಾಕು, ಲಕ್ಷಗಟ್ಟಲೆ ಸುರಿಯೋದೇನೂ ಬೇಡ. ಸೂಜಿಯ ಭಾರ ಕಂಪನಿ ಹೇಳಿದಷ್ಟೇ ಇಡಿ, ಉದಾಹರಣೆಗೆ ಆಡಿಯೋ-ಟೆಕ್ನಿಕಾದ ವಿಎಂ95ಇ ಆದ್ರೆ 2 ಗ್ರಾಂ. ಭಾರ ಕಡಿಮೆ ಇಟ್ರೆ ಪ್ಲೇಟು ಉಳೀತದೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಅದು ತಪ್ಪು, ಹಗುರಾದ ಸೂಜಿ ಗ್ರೂವಿನ ಗೋಡೆಗೆ ಬಡೀತಾ ಹೋಗಿ ಇನ್ನೂ ಜಾಸ್ತಿ ಕೆಡಿಸ್ತದೆ.

ಸ್ಪೀಡ್ ನೋಡ್ಲೇಬೇಕು. 33⅓ ಆರ್‌ಪಿಎಂ (ನಿಮಿಷಕ್ಕೆ 33⅓ ಸುತ್ತು) ಅಂದ್ರೆ ಒಂದು ಸುತ್ತಿಗೆ 1.8 ಸೆಕೆಂಡ್. ಮೊಬೈಲನ್ನು ಪ್ಲ್ಯಾಟರ್ (ಪ್ಲೇಟು ಕೂರುವ ತಟ್ಟೆ) ಮಧ್ಯೆ ಇಟ್ಟು ಆರ್‌ಪಿಎಂ ಅಳೆಯುವ ಆಪ್ ಹಾಕಿದ್ರೆ ಗೊತ್ತಾಗ್ತದೆ. 1 ಶೇಕಡಾ ಸ್ಪೀಡ್ ಹೆಚ್ಚಾದ್ರೆ ಶ್ರುತಿ ಅರ್ಧಸ್ವರದ ಆರನೇ ಒಂದು ಭಾಗದಷ್ಟು ಮೇಲೇರ್ತದೆ, ಹಾಡು ಕಲಿತ ಕಿವಿಗೆ ಅಷ್ಟು ಸಾಕು "ಇದು ಬೇರೆ" ಅಂತ ಹಿಡೀಲಿಕ್ಕೆ. ಇನ್ನೊಂದು ವಿಷಯ, ಅಮೆರಿಕದಿಂದ ನೆಂಟರು ತಂದುಕೊಟ್ಟ ಹಳೇ ಟರ್ನ್‌ಟೇಬಲ್ ಆದ್ರೆ ಟ್ರಾನ್ಸ್‌ಫಾರ್ಮರ್ ಹಾಕಿದ ಮಾತ್ರಕ್ಕೆ ಆಗೋದಿಲ್ಲ. ಅಲ್ಲಿನ ಕರೆಂಟು 60 ಹರ್ಟ್ಝ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸ್ತದೆ, ಹರ್ಟ್ಝ್ ಬದಲಿಸೋದಿಲ್ಲ, ಕರೆಂಟಿನ ಹರ್ಟ್ಝಿಗೆ ತಕ್ಕ ಹಾಗೆ ತಿರುಗೋ ಎಸಿ ಸಿಂಕ್ರೊನಸ್ ಮೋಟಾರ್ ಇದ್ರೆ ಪ್ಲೇಟು ಆರರಲ್ಲಿ ಐದು ಭಾಗದ ವೇಗದಲ್ಲಿ ತಿರುಗಿ ಗಾಯಕರ ದನಿ ಪಾತಾಳಕ್ಕೆ ಹೋಗ್ತದೆ. ಅದಕ್ಕೆ 50 ಹರ್ಟ್ಝಿನ ಪುಲ್ಲಿ ಬೇಕು.

ಸೂಜಿಯ ಸಣ್ಣ ಸಿಗ್ನಲನ್ನು ಆಂಪ್ಲಿಫೈಯರಿಗೆ ತಕ್ಕ ಹಾಗೆ ಮಾಡೋ ಫೋನೋ ಪ್ರೀಆಂಪ್ ಬಗ್ಗೆ ಕೂಡ ಸರಿಯಾಗಿ ತಿಳ್ಕೊಳ್ಳಿ. ಎಲ್‌ಪಿ ಕೊರೆಯುವಾಗ ಬಾಸ್ ತಗ್ಗಿಸಿ ಟ್ರೆಬಲ್ ಏರಿಸಿ ಕೊರೀತಾರೆ, ಇಲ್ಲದಿದ್ರೆ ಬಾಸಿನ ಅಲೆಗೆ ಜಾಗ ಸಾಕಾಗೋದಿಲ್ಲ, ಮೇಲಿನ ಸ್ವರ ಪ್ಲೇಟಿನ ಸರಸರದಲ್ಲಿ ಮುಳುಗಿ ಹೋಗ್ತದೆ. 1954ರಿಂದ ಇದಕ್ಕೆ ಆರ್‌ಐಎಎ ಅನ್ನೋ ಒಂದೇ ಅಳತೆ ಉಂಟು. ಪ್ರೀಆಂಪ್ ಅದನ್ನು ತಿರುಗಿಸಿ ಸಮ ಮಾಡ್ತದೆ. ಪ್ರೀಆಂಪ್ ಇಲ್ಲದೆ ಆಂಪ್ಲಿಫೈಯರಿನ ಸಾಮಾನ್ಯ ಇನ್‌ಪುಟ್ ಆದ ಆಕ್ಸಿಗೆ ಹಾಕಿದ್ರೆ ತೆಳ್ಳಗೆ ತಗಡಿನ ಹಾಗೆ ಕೇಳ್ತದೆ, ಟರ್ನ್‌ಟೇಬಲ್ ಒಳಗೊಂದು ಪ್ರೀಆಂಪ್ ಇದ್ದು ಆಂಪ್ಲಿಫೈಯರಿನ ಫೋನೋ ಇನ್‌ಪುಟ್ಟಿಗೂ ಹಾಕಿದ್ರೆ ಎರಡೆರಡು ಸಲ ಆಗಿ ಗುಮ್ಮೆಂದು ಒಡೀತದೆ. ಎರಡೂ ತುಂಬಾ ಮನೆಗಳಲ್ಲಿ ಕಾಣೋದೇ. ಹಮ್ ಬರ್ತಾ ಇದ್ರೆ ಗ್ರೌಂಡ್ ವಯರನ್ನು ಆಂಪ್ಲಿಫೈಯರಿನ ಸ್ಕ್ರೂಗೆ ಬಿಗೀರಿ, ಹಳೇ ಬಿಲ್ಡಿಂಗುಗಳಲ್ಲಿ ಅರ್ಥಿಂಗ್ ಸರಿ ಇರೋದಿಲ್ಲ, ಎಲೆಕ್ಟ್ರಿಷಿಯನ್ ಕರೆದು ಪ್ಲಗ್ ತೋರಿಸೋದು ಒಳ್ಳೇದು. ರೈಲು ಹಳಿಯ ಪಕ್ಕದ ಮನೆ ಆದ್ರೆ ಗೋಡೆಗೆ ಹೊಡೆದ ಗಟ್ಟಿ ಶೆಲ್ಫ್ ಮೇಲೆ ಇಡಿ. ಸ್ಪೀಕರ್ ಇಟ್ಟ ಮೇಜಿನ ಮೇಲೇ ಟರ್ನ್‌ಟೇಬಲ್ ಇಡ್ಬಾರ್ದು.

ಡಿಜಿಟಲ್ ಕಡೆಗೂ ನ್ಯಾಯ

ಇಲ್ಲಿ ಕೆಲಸ ಕಡಿಮೆ. ಸಿಡಿ ಅಥವಾ ಲಾಸ್‌ಲೆಸ್ (ಸದ್ದಿನಲ್ಲಿ ಏನೂ ಬಿಟ್ಟುಹೋಗದ) ಫೈಲ್ ತಗೊಳ್ಳಿ, ಆಪಲ್ ಮ್ಯೂಸಿಕಲ್ಲಿ 2021ರಿಂದ ಲಾಸ್‌ಲೆಸ್ ಉಂಟು. ಬ್ಲೂಟೂತ್ ಬೇಡ, ಅದು ದಾರಿಯಲ್ಲಿ ಇನ್ನೊಂದು ಸಲ ಕಂಪ್ರೆಸ್ ಮಾಡ್ತದೆ, ವಯರಲ್ಲೇ ಅದೇ ಆಂಪ್ಲಿಫೈಯರ್, ಅದೇ ಸ್ಪೀಕರಿಗೆ ಕೊಡಿ. ಮೊಬೈಲಿನ ಈಕ್ವಲೈಸರ್, ಡಾಲ್ಬಿ, ವಾಲ್ಯೂಮ್ ನಾರ್ಮಲೈಸೇಶನ್ ಎಲ್ಲ ಆಫ್.

ವಾಲ್ಯೂಮ್ ಸಮ ಮಾಡೋದು, ಇದು ಬಿಟ್ರೆ ಎಲ್ಲ ಬಿಟ್ಟ ಹಾಗೆ

ಅರ್ಧ ಡೆಸಿಬಲ್ ಜೋರಾಗಿದ್ರೂ ನಮ್ಮ ಕಿವಿಗೆ ಅದು "ಜೋರು" ಅಂತ ಅನ್ಸೋದಿಲ್ಲ, "ಚೆನ್ನಾಗಿದೆ, ತುಂಬಿದೆ, ಹತ್ತಿರ ಕೂತು ಹಾಡಿದ ಹಾಗುಂಟು" ಅಂತ ಅನ್ಸ್ತದೆ. ಆಡಿಯೋ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಅಂದಾಜಿಗೆ ನಾಬ್ ತಿರುಗಿಸಿ "ಸಮ ಆಯ್ತು" ಅನ್ನೋ ಹಾಗಿಲ್ಲ, ಅಳೀಲೇಬೇಕು.

ಬೇಕಾದ್ದು ಇಷ್ಟು: ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಡಿಜಿಟಲ್ ಮಾಡಿ ವಾಪಸ್ ಅನಲಾಗೂ ಮಾಡೋ ಪೆಟ್ಟಿಗೆ), ಒಂದು ಲ್ಯಾಪ್‌ಟಾಪ್, ಒಂದು ಜೊತೆ ಆರ್‌ಸಿಎ ವೈ ಕೇಬಲ್, ಒಂದು ಮಲ್ಟಿಮೀಟರ್. ಕೇಬಲ್, ಮೀಟರ್ ಎಲ್ಲ ಲ್ಯಾಮಿಂಗ್ಟನ್ ರೋಡಲ್ಲಿ ಸಿಗ್ತದೆ. ಫೋನೋ ಪ್ರೀಆಂಪಿನಿಂದ ಬರೋ ಸಿಗ್ನಲನ್ನು ವೈ ಕೇಬಲಿನಲ್ಲಿ ಎರಡು ಮಾಡಿ. ಒಂದು ಕವಲು ನೇರ ಆಂಪ್ಲಿಫೈಯರಿನ ಆಕ್ಸ್ 1ಕ್ಕೆ ಹೋಗ್ತದೆ. ಇನ್ನೊಂದು ಇಂಟರ್‌ಫೇಸಿಗೆ ಹೋಗಿ, ಲ್ಯಾಪ್‌ಟಾಪಲ್ಲಿ 44.1 ಕಿಲೋಹರ್ಟ್ಝ್ 16 ಬಿಟ್ ಅಂದ್ರೆ ಸಿಡಿಯ ಅಳತೆಯಲ್ಲಿ ಡಿಜಿಟಲ್ ಆಗಿ, ಅಲ್ಲಿಂದ ಮತ್ತೆ ಅನಲಾಗ್ ಆಗಿ ಆಕ್ಸ್ 2ಕ್ಕೆ ಬರ್ತದೆ. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಸಾಫ್ಟ್‌ವೇರ್ ಪ್ಲೇಥ್ರೂ ಆನ್ ಮಾಡಿದ್ರೆ ಬರೋ ಸಿಗ್ನಲ್ ಹಾಗೇ ಹೊರಗೆ ಹೋಗ್ತದೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಬಟನ್ ಮಾತ್ರ ಆಫ್ ಇರ್ಲೇಬೇಕು, ಅದು ಆನ್ ಇದ್ರೆ ಎಷ್ಟೋ ಇಂಟರ್‌ಫೇಸುಗಳಲ್ಲಿ ಸಿಗ್ನಲ್ ಡಿಜಿಟಲ್ ಆಗದೇ ಪಕ್ಕದ ದಾರಿಯಲ್ಲಿ ಹೋಗಿಬಿಡ್ತದೆ, ಆಗ ಪರೀಕ್ಷೆಗೆ ಅರ್ಥವೇ ಇಲ್ಲ. ಇನ್‌ಪುಟ್ ಲೆವೆಲ್ ಎಲ್ಲಿಯೂ ಕೆಂಪಿಗೆ ಹೋಗದ ಹಾಗೆ, ಅತಿ ಜೋರಿನ ಜಾಗದಲ್ಲಿ ಮೈನಸ್ 6 ಡಿಬಿ ಆಸುಪಾಸು ಇಡಿ.

ಈಗ ಸೂಜಿ ಎತ್ತಿಡಿ. ಪ್ರೀಆಂಪಿನ ಜಾಗದಲ್ಲಿ ಮೊಬೈಲನ್ನು ವಯರಲ್ಲಿ ಜೋಡಿಸಿ ಟೋನ್ ಜನರೇಟರ್ ಆಪಲ್ಲಿ 300 ಹರ್ಟ್ಝ್ ಟೋನ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲಲ್ಲಿ ಅಳೀರಿ. ಎರಡು ಪ್ರೋಬ್ ಒಂದಕ್ಕೊಂದು ತಾಗ್ಬಾರ್ದು, ಶಾರ್ಟ್ ಆದ್ರೆ ಆಂಪ್ಲಿಫೈಯರ್ ಹೋಗ್ತದೆ. ಆಕ್ಸ್ 1ರಲ್ಲಿ 1 ವೋಲ್ಟ್ ಬಂದ್ರೆ ಆಕ್ಸ್ 2ರಲ್ಲಿ 0.99ರಿಂದ 1.01ರ ಒಳಗೆ ಬರೋ ತನಕ ಇಂಟರ್‌ಫೇಸಿನ ಔಟ್‌ಪುಟ್ ನಾಬ್ ತಿರುಗಿಸಿ. ಅಂದ್ರೆ 0.1 ಡಿಬಿಗಿಂತಲೂ ಕಡಿಮೆ ವ್ಯತ್ಯಾಸ. ಎಡ ಬಲ ಎರಡಕ್ಕೂ ಹೀಗೆ. ನಾಬ್ ಮೇಲೆ ಟೇಪ್ ಅಂಟಿಸಿಬಿಡಿ, ಆಮೇಲೆ ಯಾರೂ ಮುಟ್ಟಬಾರದು.

ಮೊದಲ ಪರೀಕ್ಷೆ

ರಾತ್ರಿ ಹನ್ನೊಂದರ ಮೇಲೆ ಮಾಡಿ, ಫ್ಯಾನ್ ಆಫ್, ಕಿಟಕಿ ಬಂದ್. ಹಗಲು ಹೊತ್ತಿನ ಮುಂಬಯಿ ಫ್ಲ್ಯಾಟಿನ ಗದ್ದಲದಲ್ಲಿ ಸೂಕ್ಷ್ಮ ಸದ್ದು ಕೇಳೋದು ಕಷ್ಟ.

ನೀವು ಸ್ಪೀಕರ್ ಎದುರು ಕೂರಿ, ಆದ್ರೆ ಆಂಪ್ಲಿಫೈಯರನ್ನೂ ಅದನ್ನು ತಿರುಗಿಸುವವರನ್ನೂ ನೋಡಬಾರದು, ನಡುವೆ ಒಂದು ಪರದೆಯೋ ಕಪಾಟೋ ಇರಲಿ. ತಂಗಿಯನ್ನೋ ಪಕ್ಕದ ಮನೆಯ ಹುಡುಗನನ್ನೋ ಕೂರಿಸಿ. ಅವರು ಒಂದು ನಾಣ್ಯ ಚಿಮ್ಮಬೇಕು, ತಲೆ ಬಿದ್ರೆ ಆಕ್ಸ್ 1, ಇಲ್ಲದಿದ್ರೆ ಆಕ್ಸ್ 2, ಬರೆದಿಟ್ಟುಕೊಳ್ಳಬೇಕು, ನಿಮಗೆ ಹೇಳಬಾರದು, ಹೂಂ ಉಹೂಂ ಅಂತ ಸನ್ನೆಯೂ ಕೊಡಬಾರದು. ಪ್ರತಿ ಸಲ ಬದಲಾಯಿಸುವಾಗ ಎರಡು ಮೂರು ಸೆಕೆಂಡ್ ಮ್ಯೂಟ್ ಮಾಡ್ಲಿ, ಯಾಕಂದ್ರೆ ಲ್ಯಾಪ್‌ಟಾಪ್ ದಾರಿಯಲ್ಲಿ ಬಂದದ್ದು ಒಂದಿಷ್ಟು ತಡವಾಗಿ ಬರ್ತದೆ, ಆ ಜಿಗಿತವೇ ಗುಟ್ಟು ಬಿಟ್ಟುಕೊಡ್ತದೆ. ಶುರುವಿನಲ್ಲಿ ಯಾವುದು ಯಾವುದು ಅಂತ ತಿಳ್ಕೊಂಡೇ ಬೇಕಾದಷ್ಟು ಕೇಳಿ, ಆಮೇಲೆ ಗುಟ್ಟಾಗಿ 16 ಸಲ. 16ರಲ್ಲಿ 12 ಅಥವಾ ಜಾಸ್ತಿ ಸರಿ ಹೇಳಿದ್ರೆ ನಿಮಗೆ ವ್ಯತ್ಯಾಸ ಕೇಳ್ತಾ ಉಂಟು ಅಂತ ಒಪ್ಪಬಹುದು, ಬರೀ ಊಹೆಯಲ್ಲಿ ಅಷ್ಟು ಬರೋ ಸಾಧ್ಯತೆ 100ಕ್ಕೆ 4ಕ್ಕಿಂತ ಕಡಿಮೆ. 8, 9 ಬಂದ್ರೆ ನಾಣ್ಯಕ್ಕೂ ನಿಮಗೂ ಒಂದೇ ಅಂಕ.

ಎಲ್ಲ ಸರಿಯಾಗಿ ಜೋಡಿಸಿದ್ರೆ ಇಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಎರಡೂ ಒಂದೇ ಥರ ಕೇಳ್ತದೆ. ಇದು ಎಲ್‌ಪಿ ಪ್ರಿಯರಿಗೆ ಬೇಸರದ ವಿಷಯ ಖಂಡಿತ ಅಲ್ಲ. ನಿಮಗೆ ಇಷ್ಟವಾದ ಆ ಬೆಚ್ಚಗಿನ ತುಂಬು ದನಿ ಪೂರ್ತಿ ಸಿಡಿ ಅಳತೆಯ ಡಿಜಿಟಲಲ್ಲಿ ಹಾದು ಬಂದ ಮೇಲೂ ಹಾಗೇ ಉಂಟು ಅಂತ ಅರ್ಥ. ಡಿಜಿಟಲ್ ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಅಲೆ ಅಂತ ಚಿತ್ರ ಹಾಕಿ ತೋರಿಸ್ತಾರಲ್ಲ, ಹೊರಗೆ ಬರುವಾಗ ಆ ಮೆಟ್ಟಿಲು ಇರೋದೇ ಇಲ್ಲ, 22 ಕಿಲೋಹರ್ಟ್ಝ್ ತನಕದ್ದು ನುಣುಪಾದ ಅಲೆಯಾಗಿಯೇ ವಾಪಸ್ ಬರ್ತದೆ. ನಲವತ್ತು ದಾಟಿದ ತುಂಬಾ ಜನಕ್ಕೆ 15 ಕಿಲೋಹರ್ಟ್ಝಿನ ಮೇಲಿಂದು ಕೇಳೋದೇ ಕಷ್ಟ. ಮೌನಕ್ಕೂ ಅತಿ ಜೋರಿಗೂ ನಡುವಿನ ಅಂತರ ಸಿಡಿಯಲ್ಲಿ 96 ಡಿಬಿ, ಒಳ್ಳೇ ಎಲ್‌ಪಿಯಲ್ಲಿ 60ರಿಂದ 70ರ ಆಸುಪಾಸು, ಹಾಗಾಗಿ ಎಲ್‌ಪಿಯಲ್ಲಿ ಇದ್ದದ್ದೆಲ್ಲ ಸಿಡಿಯೊಳಗೆ ಆರಾಮಾಗಿ ಹಿಡಿಸ್ತದೆ.

ಎರಡನೇ ಪರೀಕ್ಷೆ

ಈಗ ಎಲ್‌ಪಿಯ ಒಂದು ಸೈಡನ್ನು ಅದೇ ಇಂಟರ್‌ಫೇಸಲ್ಲಿ ರೆಕಾರ್ಡ್ ಮಾಡಿ. ಅದೇ ಭಾಗವನ್ನು ಸಿಡಿಯಿಂದ ತಗೊಳ್ಳಿ. ಆಡಾಸಿಟಿಯಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಉಂಟು, ಎರಡಕ್ಕೂ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳೋ ಜೋರಿನ ಅಳತೆ) ಕೊಡಿ. ಶುರುವಿನ ಜಾಗ ಒಂದೇ ಆಗೋ ಹಾಗೆ ಕತ್ತರಿಸಿ. ಸ್ಪೀಡಿನ ಸಣ್ಣ ವ್ಯತ್ಯಾಸ ಇದ್ರೆ ಚೇಂಜ್ ಸ್ಪೀಡಲ್ಲಿ ಸರಿಮಾಡಿ. ಆಮೇಲೆ ವಿಂಡೋಸಲ್ಲಿ ಫೂಬಾರ್2000 ಅನ್ನೋ ಪ್ಲೇಯರಿಗೆ ಎಬಿಎಕ್ಸ್ ಕಂಪ್ಯಾರೇಟರ್ (ಯಾವುದು ಅಂತ ಹೇಳದೆ ಎರಡನ್ನೂ ಕೇಳಿಸೋ ಸಾಧನ) ಸೇರಿಸಿದ್ರೆ ನಾಣ್ಯ ಚಿಮ್ಮೋ ಕೆಲಸ ಅದೇ ಮಾಡ್ತದೆ.

ಇಲ್ಲಿ ವ್ಯತ್ಯಾಸ ಕೇಳೇ ಕೇಳ್ತದೆ, ಪ್ಲೇಟಿನ ಟಿಕ್ ಟಿಕ್ ಒಂದೇ ಸಾಕು. ಹಾಗಾಗಿ ಪ್ರಶ್ನೆ ಯಾವುದು ಅಂತ ಗುರುತಿಸೋದಲ್ಲ, ಎಂತ ವ್ಯತ್ಯಾಸ ಅನ್ನೋದು. ಕಾಗದ ಪೆನ್ನು ಹಿಡಿದು ಕೂರಿ.

ಮೊದಲು ಬರೀ ತಂಬೂರಿ ಕೇಳಿ, ಗಾಯಕರು ಇನ್ನೂ ಬಾಯಿ ತೆರೆಯದ ಆ ಶುರುವಿನ ಕೆಲವು ಸೆಕೆಂಡು. ಷಡ್ಜ ಮೀಟಿದ ಮೇಲೆ ಅದರಿಂದ ಎದ್ದು ಬರೋ ಝೇಂಕಾರ, ಜವಾರಿ ಅಂತೀವಲ್ಲ, ಅದು ಎಷ್ಟು ಹೊತ್ತು ನಿಲ್ತದೆ, ಕೊನೆಯಲ್ಲಿ ಹೇಗೆ ಆರ್ತದೆ ನೋಡಿ. ಹಳೇ ಟೇಪಿನ ಉಸ್ಸ್ ತೆಗೀಲಿಕ್ಕೆ ಹೋಗಿ ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದ ಡಿಜಿಟಲ್ ಆವೃತ್ತಿಯಾದ್ರೆ ಈ ಝೇಂಕಾರವೇ ಸೋರಿ ಹೋಗಿರ್ತದೆ, ಮೀಟು ಮಾತ್ರ ಉಳಿದು ತಂತಿ ಒದ್ದೆ ಬಟ್ಟೆ ಮುಟ್ಟಿದ ಹಾಗೆ ಕೇಳ್ತದೆ. ಅಂಥಲ್ಲಿ ಎಲ್‌ಪಿ ನಿಜವಾಗಿ ಮೇಲು, ಇದನ್ನು ಧೈರ್ಯವಾಗಿ ಹೇಳ್ಬೇಕು. ಅದೇ ತಂಬೂರಿ ಎಲ್‌ಪಿಯ ಹುಳುಕನ್ನೂ ತೋರಿಸ್ತದೆ. ಸ್ವರ 1.8 ಸೆಕೆಂಡಿಗೊಂದು ಸಲ ಸ್ವಲ್ಪ ಮೇಲೆ ಕೆಳಗೆ ತೂಗಿದ್ರೆ ಪ್ಲೇಟಿನ ತೂತು ಸರಿಯಾಗಿ ನಡುವಿಗೆ ಇಲ್ಲ ಅಂತ, ಅದು ಒತ್ತುವಾಗಲೇ ಆದ ದೋಷ. ಸಿನಿಮಾ ಹಾಡಿನ ಗದ್ದಲದಲ್ಲಿ ಇದು ಗೊತ್ತೇ ಆಗೋದಿಲ್ಲ, ತಂಬೂರಿಯಲ್ಲಿ ಅಡಗಿಸ್ಲಿಕ್ಕೆ ಆಗೋದಿಲ್ಲ.

ಆಮೇಲೆ ಸೈಡಿನ ಕೊನೆ ಭಾಗ. ಇದು ಹಿಂದೂಸ್ತಾನಿ ಕೇಳುವವರಿಗೆ ತುಂಬಾ ಮುಖ್ಯ. ಪ್ಲೇಟು ಒಂದೇ ವೇಗದಲ್ಲಿ ತಿರುಗಿದ್ರೂ ಹೊರಗಿನ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಹಾದು ಹೋದ್ರೆ ಲೇಬಲ್ ಹತ್ತಿರ ಬರೀ 21 ಸೆಂಟಿಮೀಟರ್. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗೆ, ಮೇಲಿನ ಸ್ವರಗಳು ಒಡೀಲಿಕ್ಕೆ ಶುರು. ಇನ್ನು ನಮ್ಮ ಖಯಾಲ್ ನೋಡಿ, ನಿಧಾನದ ವಿಲಂಬಿತ ಹೊರ ಅಂಚಿನಲ್ಲಿ ಆರಾಮಾಗಿ ಹರಡ್ಕೊಂಡು ಕೂತಿರ್ತದೆ, ವೇಗದ ದ್ರುತ್ ಲಯದ ತಾನುಗಳು, ಜೋರಾದ ತಾರ ಸಪ್ತಕ, ತಬಲಾದ ಭರಾಟೆ ಎಲ್ಲ ಬರೋದು ಸೈಡಿನ ಕೊನೆಗೆ, ಜಾಗ ಅತಿ ಕಡಿಮೆ ಇರೋ ಕಡೆ. ಅದೂ ಒಂದು ಸೈಡಿಗೆ 20, 25 ನಿಮಿಷ ತುಂಬಿಸಿದ ಪ್ಲೇಟುಗಳಲ್ಲಿ ಲೆವೆಲ್ಲೂ ತಗ್ಗಿಸಿ ಕೊರೆದಿರ್ತಾರೆ. ಭೀಮಸೇನ ಜೋಶಿಯವರ ಒಂದು ಸಪಾಟ್ ತಾನ್ (ನೇರ ಏರಿ ಇಳಿಯೋ ಓಟದ ತಾನ್) ಅಲ್ಲಿ ಬಂದ್ರೆ ಎರಡೂ ಆವೃತ್ತಿ ಹಾಕಿ ಕೇಳಿ, ಸಿಡಿಯಲ್ಲಿ ಸ್ವರ ಸ್ವರ ಬಿಡಿಬಿಡಿಯಾಗಿರ್ತದೆ, ಎಲ್‌ಪಿಯಲ್ಲಿ ಅಂಚು ಸ್ವಲ್ಪ ಹರಿದ ಹಾಗೆ. ಇಲ್ಲಿ ಡಿಜಿಟಲ್ ಮೇಲು, ಸೂಜಿ ಬದಲಾಯಿಸಿ ತುದಿ ಇನ್ನೂ ಸಪೂರ ಇರೋ ಎಲಿಪ್ಟಿಕಲ್ ಅಥವಾ ಮೈಕ್ರೋಲೈನ್ ಹಾಕಿದ್ರೆ ಅಂತರ ಕಡಿಮೆ ಆಗ್ತದೆ, ಪೂರ್ತಿ ಹೋಗೋದಿಲ್ಲ.

ಹಾಡಿನಲ್ಲಿ ಸ, ಶ ಅಕ್ಷರ ಉಗುಳಿದ ಹಾಗೆ ಕೇಳಿದ್ರೆ ಸೂಜಿ ಸವೆದಿದೆ ಇಲ್ಲವೇ ಕಾರ್ಟ್ರಿಜ್ ಓರೆ ಕೂತಿದೆ. ತಬಲಾದ ಡಗ್ಗಾ ಎಲ್‌ಪಿಯಲ್ಲಿ ದಪ್ಪ ಕೇಳಿದ್ರೆ ಸ್ಪೀಕರಿನ ಕಂಪನ ಪ್ಲೇಟಿಗೆ ವಾಪಸ್ ಬರ್ತಾ ಇರಬಹುದು, ವಾಲ್ಯೂಮ್ ಇಳಿಸಿ ನೋಡಿ. ಹಾಡು ಶುರುವಾಗೋ ಮೊದಲು ಅದೇ ಹಾಡು ಭೂತದ ಹಾಗೆ ಸಣ್ಣಗೆ ಕೇಳಿದ್ರೆ ಹೆದರಬೇಡಿ, ಪಕ್ಕದ ಗ್ರೂವಿನ ಒತ್ತು ಅದು, ಟೇಪಿನಿಂದಲೂ ಬಂದಿರಬಹುದು.

ಫಲಿತಾಂಶ ಓದುವಾಗ

ಹೊಸ ಸಿನಿಮಾ ಹಾಡಿನ ಡಿಜಿಟಲ್ ಆವೃತ್ತಿ ಕಿವಿಗೆ ಒತ್ತಿದ ಹಾಗಿದ್ದು ಎಲ್‌ಪಿ ಉಸಿರಾಡಿದ ಹಾಗಿದ್ರೆ, ಅದು ಮಾಸ್ಟರಿಂಗ್ ಮಾಡಿದವರ ಆಯ್ಕೆ. ಜೋರಾಗಿ ಕೇಳ್ಬೇಕು ಅಂತ ಲಿಮಿಟರ್ ಹಾಕಿ ಏರಿಳಿತ ಚಪ್ಪಟೆ ಮಾಡಿರ್ತಾರೆ. ಡಿಜಿಟಲ್ ಮಾಧ್ಯಮ ಹಾಗೆ ಮಾಡು ಅಂತ ಹೇಳ್ಲಿಲ್ಲ. ಅಂಥ ಹಾಡಿಗೆ ಬೇರೆ ವರ್ಷದ ಸಿಡಿ ಹುಡುಕಿ, 80, 90ರ ದಶಕದ ಮೊದಮೊದಲ ಸಿಡಿಗಳಲ್ಲಿ ಎಷ್ಟೋ ಸಲ ಈ ಒತ್ತಡ ಇರೋದಿಲ್ಲ. ಸಾಫ್ಟ್‌ವೇರ್ ತೋರಿಸೋ ಡೈನಾಮಿಕ್ ರೇಂಜ್ ಅಂಕಿ ನೋಡಿ ತೀರ್ಪು ಕೊಡ್ಬೇಡಿ, ಒಂದೇ ಮಾಸ್ಟರಿಂದ ಮಾಡಿದ ಎಲ್‌ಪಿಯಲ್ಲೂ ಆ ಅಂಕಿ ಜಾಸ್ತಿ ಬರ್ತದೆ, ಅಲೆಯ ಆಕಾರ ಬದಲಾಗೋದ್ರಿಂದ, ಕೇಳ್ಲಿಕ್ಕೆ ಏರಿಳಿತ ಹೆಚ್ಚಾಗಿರೋದಿಲ್ಲ.

ಹೊಸದಾಗಿ ಒತ್ತಿದ ಎಲ್‌ಪಿಗಳಲ್ಲಿ ಬಹಳಷ್ಟು ಡಿಜಿಟಲ್ ಫೈಲಿನಿಂದಲೇ ಕೊರೆದದ್ದು ಅನ್ನೋದೂ ನೆನಪಿರಲಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳಲ್ಲಿ ವರ್ಷಗಳಿಂದ ನಡುವೆ ಡಿಜಿಟಲ್ ಹಂತ ಇತ್ತು ಅಂತ 2022ರಲ್ಲಿ ಹೊರಗೆ ಬಂತು, ಅಷ್ಟೂ ದಿನ ಪಳಗಿದ ಕಿವಿಗಳೇ ಅವನ್ನು ಅನಲಾಗ್ ಅಂತ ನಂಬಿ ಹೊಗಳಿದ್ವು. ಹಾಗಾಗಿ ದುಡ್ಡು ಹಾಕೋದಾದ್ರೆ ಹಳೇ ಒತ್ತಿನ ಒಳ್ಳೇ ಪ್ರತಿಗೆ ಹಾಕಿ, ಇಲ್ಲವೇ ಸೂಜಿಗೆ ಹಾಕಿ.

ಮತ್ತೆ ಎರಡನೇ ಪರೀಕ್ಷೆಗೆ ಮಾಡಿದ ರೆಕಾರ್ಡಿಂಗನ್ನು ಅಳಿಸ್ಬೇಡಿ. ಮೊದಲ ಪರೀಕ್ಷೆಯಲ್ಲಿ ನಿಮಗೆ ವ್ಯತ್ಯಾಸ ಸಿಗದಿದ್ರೆ ಆ ಫೈಲೇ ನಿಮ್ಮ ಎಲ್‌ಪಿ ಅಂತ ಇಟ್ಕೊಳ್ಳಬಹುದು. ಸಿಡಿಯಾಗಿ ಬಾರದ, ಸ್ಟ್ರೀಮಿಂಗಲ್ಲೂ ಇಲ್ಲದ ಕನ್ನಡ ಪ್ಲೇಟುಗಳು ಎಷ್ಟೋ ಉಂಟು, ಅವನ್ನು ಹೀಗೇ ತೊಳೆದು, ಸರಿಯಾದ ಸೂಜಿಯಲ್ಲಿ ಹಾಕಿ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ ಫ್ಲ್ಯಾಕ್ (ಲಾಸ್‌ಲೆಸ್) ಫೈಲಾಗಿ ಎರಡು ಕಡೆ ಇಡಿ, ಲೇಬಲಿನ ಎರಡೂ ಬದಿಯ ಫೋಟೋ ಅದರ ಜೊತೆಗೇ ಇರಲಿ, ಪ್ಲೇಟಿನ ನಂಬರ್ ಓದೋ ಹಾಗೆ. ಜೂನಿನ ಮಳೆ ಬರೋ ಮೊದಲು ಆದಷ್ಟು ಮುಗಿಸಿ.